ಹುಲಿಯುಗುರೂ ಅರಣ್ಯಾಧಿಕಾರಿಯ ಅಧಿಕಾರವೂ

ಮಗುವಿಗೆ ದೃಷ್ಟಿ ತಾಗದಿರಲೆಂದು ಹುಲಿಯುಗುರಿಗೆ ಚಿನ್ನದ ಕಟ್ಟು ಹಾಕಿಸಿ ಕೊರಳಿಗೆ ತೊಡಿಸುವುದು ನಮ್ಮ ನಾಡಿನ ಹಳೆಯ ರೂಢಿ. ಊರನ್ನು ಬಿಟ್ಟು ಮುಂಬಯಿ, ಪುಣೆಗಳಲ್ಲಿ ದುಡಿಯುವ ನಮ್ಮ ಬಾಂಧವರ ಪೆಟ್ಟಿಗೆಗಳಲ್ಲಿಯೂ ಅಜ್ಜಿ ಕೊಟ್ಟ ಅಂಥ ಒಡವೆಯೊಂದು ಇದ್ದೀತು. ಆದರೆ 2023ರ ಅಕ್ಟೋಬರಿನಲ್ಲಿ ಹುಲಿಯುಗುರಿನ ಪದಕವನ್ನು ಧರಿಸಿದ್ದ ಕಾರಣಕ್ಕೆ ಕನ್ನಡ ದೂರದರ್ಶನ ಸ್ಪರ್ಧೆಯೊಂದರ ಸ್ಪರ್ಧಿಯನ್ನು ಅರಣ್ಯಾಧಿಕಾರಿಗಳು ಬಂಧಿಸಿದರು. ಅಂದಿನಿಂದ ಹಲವರು ನಮ್ಮನ್ನು ಕೇಳುತ್ತಿರುವ ಪ್ರಶ್ನೆ ಒಂದೇ: ಕಾಡು ಕಾಯುವವರಿಗೆ ಮನೆಯೊಳಗೆ ಬರುವ ಅಧಿಕಾರವುಂಟೆ?

ಉಂಟು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ 50ನೆಯ ಕಲಮು ಅದನ್ನು ಕೊಟ್ಟಿದೆ. ಅಪರಾಧ ನಡೆದಿದೆಯೆಂದು ನಂಬಲು ಯುಕ್ತ ಕಾರಣವಿದ್ದರೆ ಅರಣ್ಯಾಧಿಕಾರಿಯು ವಾಹನವನ್ನು ತಡೆಯಬಹುದು, ಮನೆಯನ್ನು ಹೊಕ್ಕು ಶೋಧಿಸಬಹುದು, ಗಂಟುಮೂಟೆಗಳನ್ನು ಬಿಚ್ಚಿಸಬಹುದು, ಸಿಕ್ಕ ವಸ್ತುವನ್ನು ವಶಪಡಿಸಿಕೊಳ್ಳಬಹುದು. ಆರೋಪಿಯು ಮುಂದೆ ಹಾಜರಾಗುವನೆಂಬ ಭರವಸೆ ಮೂಡದಿದ್ದರೆ ವಾರಂಟು ಇಲ್ಲದೆಯೇ ಬಂಧಿಸಬಹುದು. ಪೊಲೀಸರಲ್ಲಿ ಈ ಅಧಿಕಾರವಿರುವುದು ಸಬ್‌ಇನ್ಸ್‌ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದವರಿಗೆ ಮಾತ್ರ.

ಶಿಕ್ಷೆಯೂ ಹಗುರವಲ್ಲ. ಹುಲಿಯು ಕಾಯಿದೆಯ ಮೊದಲನೆಯ ಅನುಸೂಚಿಗೆ ಸೇರಿದೆ. ಆದುದರಿಂದ ಕನಿಷ್ಠ ಮೂರು ವರ್ಷ, ಗರಿಷ್ಠ ಏಳು ವರ್ಷ ಸೆರೆವಾಸ. 2022ರ ತಿದ್ದುಪಡಿಯ ಮೇಲೆ ದಂಡವು 25,000 ರೂಪಾಯಿಗೆ ಕಡಿಮೆಯಿಲ್ಲ. ವಸ್ತುವು ಯಾರ ವಶದಲ್ಲಿ ಸಿಕ್ಕಿತೋ ಅದು ನ್ಯಾಯಬದ್ಧವೆಂದು ತೋರಿಸುವ ಹೊಣೆಯೂ ಅವರದೇ. ಹಿರಿಯರಿಂದ ಬಂದುದೆಂಬ ಬರಿಯ ಮಾತು ಸಾಲದು; ಒಡೆತನದ ಪ್ರಮಾಣಪತ್ರ ಬೇಕು. ಹಳೆಯ ವಸ್ತುಗಳನ್ನು ಘೋಷಿಸಲು 2003ರಲ್ಲಿ ಸರ್ಕಾರವು ಇನ್ನೊಮ್ಮೆ ಅವಕಾಶ ಕೊಟ್ಟಿತ್ತು. ಆ ಗಡುವು ಎಂದೋ ಮುಗಿದಿದೆ.

ಹಾಗೆಂದು ಅಧಿಕಾರಿಗೆ ಲಗಾಮಿಲ್ಲವೆಂದಲ್ಲ. ಬಂಧಿತನನ್ನು ಒಡನೆಯೇ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಇಪ್ಪತ್ತನಾಲ್ಕು ಗಂಟೆ ಮೀರಕೂಡದೆಂದು ಸಂವಿಧಾನವೇ ವಿಧಿಸಿದೆ. ಬಂಧನದ ಕಾರಣವನ್ನು ತಿಳಿಯುವುದೂ ವಕೀಲರ ನೆರವನ್ನು ಪಡೆಯುವುದೂ ಬಂಧಿತನ ಹಕ್ಕು. ಸುಳ್ಳು ನೆಪದಿಂದ ಪೀಡಿಸಿ ಸ್ವತ್ತನ್ನು ವಶಪಡಿಸಿಕೊಂಡ ಅಧಿಕಾರಿಗೆ 53ನೆಯ ಕಲಮಿನಂತೆ ಆರು ತಿಂಗಳವರೆಗೆ ಸೆರೆವಾಸವಾಗಬಹುದು. ಇನ್ನೊಂದು ಮಾತು. ಸಣ್ಣ ಅಪರಾಧಗಳನ್ನು ಹಣ ಕಟ್ಟಿಸಿಕೊಂಡು ರಾಜಿ ಮಾಡಲು ಕಾಯಿದೆಯಲ್ಲಿ ಎಡೆಯುಂಟು. ಕನಿಷ್ಠ ಸೆರೆವಾಸ ಗೊತ್ತುಪಡಿಸಿದ ಅಪರಾಧಗಳಿಗೆ ಅದಿಲ್ಲ. ಆದುದರಿಂದ ಹುಲಿಯುಗುರಿನ ವಿಷಯದಲ್ಲಿ “ಇಷ್ಟು ಕೊಟ್ಟರೆ ಇಲ್ಲಿಯೇ ಮುಗಿಸೋಣ” ಎನ್ನುವವನು ಕೇಳುವುದು ದಂಡವನ್ನಲ್ಲ, ಲಂಚವನ್ನು.

ಶೋಧನೆಗೆ ಬಂದವರನ್ನು ತಡೆಯಬಾರದು. ಗುರುತಿನ ಚೀಟಿಯನ್ನು ವಿನಯದಿಂದ ಕೇಳಬೇಕು. ಓದದೆ, ಓದಿಸಿ ಕೇಳದೆ, ಮಹಜರಿಗೆ ರುಜು ಹಾಕಬಾರದು. ಪ್ರಮಾಣಪತ್ರವಿಲ್ಲದ ಉಗುರು ಮನೆಯಲ್ಲಿದ್ದರೆ ಮಾರುವುದಾಗಲಿ, ಮತ್ತೊಬ್ಬರಿಗೆ ದಾಟಿಸುವುದಾಗಲಿ ಸಲ್ಲದು; ಬಲ್ಲ ವಕೀಲರನ್ನು ಕಂಡು ಅರಣ್ಯ ಇಲಾಖೆಗೆ ಒಪ್ಪಿಸುವ ದಾರಿಯನ್ನು ವಿಚಾರಿಸುವುದೇ ಲೇಸು.

ಅಜ್ಜಿಯ ಹರಕೆಗೆ ಉಗುರೇ ಬೇಕೆಂದಿಲ್ಲ. ಹುಲಿಯು ಕಾಡಿನಲ್ಲಿರಲಿ, ನಮ್ಮ ಮಕ್ಕಳ ತಂದೆ ಮನೆಯಲ್ಲಿರಲಿ.