ದಂಡಿ ಯಾತ್ರೆಗೆ ಅಂಚೆಚೀಟಿ. ನಮ್ಮ ಹುಡುಗನ ಸರದಿ ಬಂದದ್ದು 2018ಕ್ಕೆ!

ಹೊಸಮನೆ: ಹಿಂದೆಲ್ಲ ಕಿರಾಣಿ ಅಂಗಡಿಗಳಲ್ಲಿ ಉಪ್ಪಿನ ಮೂಟೆಗೆ ಜಾಗ ಬಾಗಿಲಾಚೆ. ಅಕ್ಕಿ, ಬೇಳೆ, ಸಕ್ಕರೆ ಒಳಗೆ. ಉಪ್ಪು ಜಗಲಿ ಮೇಲೆ. ರಾತ್ರಿ ಅಲ್ಲೇ ಬಿಟ್ಟರೂ ‘ಉಪ್ಪು ಯಾರು ಕದೀತಾರೆ ಬಿಡಿ’ ಎನ್ನುವ ಧೈರ್ಯ. ಇಂಥ ಉಪ್ಪನ್ನು ಸಮುದ್ರದ ದಂಡೆಯಲ್ಲಿ ಒಂದು ಹಿಡಿ ಎತ್ತಿಕೊಂಡರೂ ಜೈಲು ಎಂಬ ಕಾನೂನು ಬ್ರಿಟಿಷರ ಕಾಲದಲ್ಲಿತ್ತು. ಬಡವನ ಗಂಜಿಗೂ ತೆರಿಗೆ!

ಆ ಕಾನೂನು ಮುರಿಯಲು ಗಾಂಧೀಜಿ 1930ರ ಮಾರ್ಚ್ 12ರಂದು ಸಾಬರಮತಿ ಆಶ್ರಮದಿಂದ ಹೊರಟರು. ಸುಮಾರು 240 ಮೈಲಿ ಕಾಲ್ನಡಿಗೆ. ಏಪ್ರಿಲ್ 6ರಂದು ದಂಡಿಯ ಕಡಲ ತೀರದಲ್ಲಿ ಉಪ್ಪು ಎತ್ತಿದರು. ವಾರ ಕಳೆಯುವುದರೊಳಗೆ, ಏಪ್ರಿಲ್ 13ರಂದು, ನಮ್ಮ ಘಟ್ಟದ ಕೆಳಗಿನ ಅಂಕೋಲೆಯಲ್ಲೂ ಉಪ್ಪಿನ ಕಾನೂನು ಮುರಿದುಬಿತ್ತು.

ಯಾತ್ರೆಗೆ 50 ವರ್ಷ ತುಂಬಿದಾಗ, 1980ರಲ್ಲಿ, ಅಂಚೆ ಇಲಾಖೆ 35 ಪೈಸೆಯ ಜೋಡಿ ಚೀಟಿ ತಂದಿತು. 75 ತುಂಬಿದಾಗ, 2005ರಲ್ಲಿ, ಮತ್ತೆ ನಾಲ್ಕು ಚೀಟಿ. ಎಲ್ಲವೂ ಗಾಂಧೀಜಿಯ ಯಾತ್ರೆಯ ನೆನಪಿಗೆ. ಸರಿಯೇ. ಆದರೆ ಹಿಂದೆ ನಡೆದವರು ಯಾರು?

ಪಟ್ಟಿಯಲ್ಲೊಬ್ಬ ಕನ್ನಡಿಗ

ಆಶ್ರಮದಿಂದ ಗಾಂಧೀಜಿ ಜೊತೆ ಹೆಜ್ಜೆ ಹಾಕಿದವರು 78 ಮಂದಿ. ಅವರಲ್ಲಿ ಕನ್ನಡಿಗ ಒಬ್ಬನೇ: ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪ. ಆಗ ವಯಸ್ಸು ಬರೀ 18. ಈಗಿನ ಹುಡುಗರು ಕಾಲೇಜಿಗೆ ಬಸ್ಸು ಹತ್ತುವ ವಯಸ್ಸು!

ಊರೇನೂ ದೂರದ್ದಲ್ಲ. ರಾಣೇಬೆನ್ನೂರಿನಿಂದ ಹಾವೇರಿಗೆ ಹೋಗುವ ಬಸ್ಸು ಹತ್ತಿದರೆ ದಾರಿಯಲ್ಲೇ ಸಿಗುತ್ತದೆ. ಆದರೆ ಆಗ ಶಿವಮೊಗ್ಗ ಮೈಸೂರು ಸಂಸ್ಥಾನದಲ್ಲಿ, ಮೋಟೆಬೆನ್ನೂರು ಮುಂಬಯಿ ಪ್ರಾಂತದಲ್ಲಿ. ಭಾಷೆ ಒಂದೇ, ಸರ್ಕಾರ ಬೇರೆ.

ದಂಡಿಯಿಂದ ಬಂದವರು ಸುಮ್ಮನೆ ಕೂರಲಿಲ್ಲ. ಚಳವಳಿ, ಜೈಲು ಎರಡೂ ನಡೆದವು. ಪತ್ನಿ ಸಿದ್ದಮ್ಮನವರೂ ಜೈಲು ಕಂಡವರೇ. 1942ರ ಚಳವಳಿ ಬಂದಾಗ ಮಹಾದೇವಪ್ಪ ಮತ್ತೆ ಬೀದಿಗಿಳಿದರು. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಸರ್ಕಾರದ ಕಂದಾಯದ ಹಣ ವಶಪಡಿಸಿಕೊಳ್ಳಲು ಹೋದಾಗ ಪೊಲೀಸರ ಗುಂಡಿಗೆ ಬಲಿಯಾದರು. ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಅವರೂ ಅಲ್ಲೇ ಪ್ರಾಣಬಿಟ್ಟರು. ಮಹಾದೇವಪ್ಪನವರಿಗೆ 32 ಇನ್ನೂ ತುಂಬಿರಲಿಲ್ಲ.

75 ವರ್ಷ ಕಾದ ಮುಖ

ಅವರ ಮುಖ ಅಂಚೆಚೀಟಿಯ ಮೇಲೆ ಬಂದದ್ದು 2018ರಲ್ಲಿ. ಸತ್ತು 75 ವರ್ಷ ಆದ ಮೇಲೆ! ತಡವಾದರೂ ಬಂತಲ್ಲ ಎನ್ನೋಣ. ಆದರೆ ಅಷ್ಟು ಹೊತ್ತಿಗೆ ಚೀಟಿ ಅಂಟಿಸಿ ಕಾಗದ ಹಾಕುವವರೇ ಕಡಿಮೆ. ಅಂಚೆ ಕಚೇರಿಗೆ ಲಕೋಟೆ ಒಯ್ದರೆ ಕೌಂಟರಿನಲ್ಲಿ ಯಂತ್ರದ ಲೇಬಲ್ ಅಂಟಿಸಿ ಕೊಡುತ್ತಾರೆ. ನೆನಪಿನ ಚೀಟಿಗಳೆಲ್ಲ ಸಂಗ್ರಹಕಾರರ ಆಲ್ಬಮ್ಮಿಗೆ. ನಾಲ್ಕು ಜನರ ಕೈ ದಾಟಿ ಊರೂರು ತಿರುಗಬೇಕಾದ ಮುಖ ಪ್ಲಾಸ್ಟಿಕ್ ಹಾಳೆಯೊಳಗೆ ಕೂತರೆ ಬಂದ ಭಾಗ್ಯವೇನು?

ಹಾವೇರಿ ರೈಲು ನಿಲ್ದಾಣಕ್ಕೆ ಅವರ ಹೆಸರಿದೆ. ಬೋರ್ಡು ಓದಿ ‘ಯಾರಪ್ಪ ಈ ಮಹಾದೇವಪ್ಪ?’ ಅಂತ ಮಕ್ಕಳು ಕೇಳಿದರೆ ಹೇಳಲು ಗೊತ್ತಿರಬೇಕು. ಉಪ್ಪು ತಿಂದ ಮನೆಯ ಋಣ ದೊಡ್ಡದು ಎನ್ನುವವರು ನಾವು. ಉಪ್ಪಿಗಾಗಿ ನಡೆದವನ ಋಣ ಚಿಕ್ಕದೇ?