ಲೇಸರನ್ನು ಕೈಯಾರೆ ಕಟ್ಟಿದವರು

ತುಮಕೂರು ಜಿಲ್ಲೆಯ ತಿಪಟೂರಿನಲ್ಲಿ 1925ರಲ್ಲಿ ಜನಿಸಿ, ಪರಮಾಣು ಶಕ್ತಿ ಆಯೋಗದ ಅಧ್ಯಕ್ಷ ಸ್ಥಾನಕ್ಕೇರಿದ ಭೌತವಿಜ್ಞಾನಿ ರಾಜಾ ರಾಮಣ್ಣ ಅವರ ಹೆಸರನ್ನು ಮಧ್ಯಪ್ರದೇಶದ ಇಂದೋರ್ ನಗರದ ಅಂಚಿನಲ್ಲಿ ಸುಮಾರು 760 ಹೆಕ್ಟೇರ್ ಹರಡಿಕೊಂಡಿರುವ ಸಂಶೋಧನಾ ಸಂಸ್ಥೆಯೊಂದಕ್ಕೆ ಇಡಲಾಗಿದೆ. ಲೇಸರ್‌ಗಳನ್ನೂ, ಎಲೆಕ್ಟ್ರಾನಿನಂಥ ಕಣಗಳನ್ನು ಬೆಳಕಿನ ವೇಗದ ಸಮೀಪಕ್ಕೆ ಓಡಿಸುವ ವೇಗವರ್ಧಕಗಳೆಂಬ ಯಂತ್ರಗಳನ್ನೂ ರೂಪಿಸುವ ಈ ಕೇಂದ್ರಕ್ಕೆ 1984ರ ಫೆಬ್ರವರಿ 19ರಂದು ರಾಷ್ಟ್ರಪತಿ ಜೈಲ್ ಸಿಂಗ್ ಅಡಿಗಲ್ಲು ಇಟ್ಟರು. 2004ರಲ್ಲಿ ರಾಮಣ್ಣ ನಿಧನರಾದ ಬಳಿಕ, ಮರುವರ್ಷ ಅದಕ್ಕೆ ಅವರ ಹೆಸರು ಬಂತು. ಹೆಸರು ರಾಮಣ್ಣನವರದಾದರೂ, ಆ ನೆಲದಲ್ಲಿ ಲೇಸರ್ ವಿದ್ಯೆಯನ್ನು ಬೇರೂರಿಸಿದ ಶ್ರಮದ ದೊಡ್ಡ ಪಾಲು ಅದರ ಸ್ಥಾಪಕ ನಿರ್ದೇಶಕ ದಿಲೀಪ್ ದೇವಿದಾಸ್ ಭವಾಲ್ಕರ್ ಅವರಿಗೆ ಸಲ್ಲಬೇಕು.

ಲೇಸರ್ ಎಂದರೆ ಒಂದೇ ಬಣ್ಣದ, ಒಂದೇ ದಿಕ್ಕಿನ, ಅಲೆಗಳೆಲ್ಲ ಹೆಜ್ಜೆ ಕೂಡಿಸಿ ಸಾಗುವ ಬೆಳಕು. ದೀಪದ ಬೆಳಕಿನಲ್ಲಿ ಪರಮಾಣುಗಳು ತಮಗೆ ತೋಚಿದಂತೆ, ತೋಚಿದ ಹೊತ್ತಿಗೆ ಕಿರಣ ಸೂಸುತ್ತವೆ. ಲೇಸರಿನಲ್ಲಾದರೋ, ಜಾತ್ರೆಯಲ್ಲಿ ತೇರಿನ ಮಿಣಿ ಹಿಡಿದವರು ಒಂದೇ ಕೂಗಿಗೆ ಕೂಡಿ ಜಗ್ಗುವಂತೆ, ಹಾದು ಹೋಗುವ ಒಂದು ಕಿರಣ ಇತರ ಪರಮಾಣುಗಳನ್ನೂ ಪ್ರಚೋದಿಸಿ ತನ್ನಂಥದೇ ಕಿರಣಗಳನ್ನು ಹೊರಡಿಸುತ್ತದೆ. ಇಂಥ ಪ್ರಚೋದಿತ ಉತ್ಸರ್ಜನೆ ಸಾಧ್ಯವೆಂದು ಐನ್‌ಸ್ಟೈನ್ 1917ರಲ್ಲಿ ಗಣಿತದಿಂದ ತೋರಿಸಿದ್ದರು. 1960ರ ಮೇ ತಿಂಗಳಲ್ಲಿ ಅಮೆರಿಕದ ಥಿಯೊಡೋರ್ ಮೈಮನ್ ಮಾಣಿಕ್ಯದ ಹರಳಿನಿಂದ ಮೊದಲ ಲೇಸರನ್ನು ಬೆಳಗಿಸಿದರು. ನಾಲ್ಕು ವರ್ಷಗಳ ನಂತರ ಬೆಲ್ ಪ್ರಯೋಗಾಲಯದಲ್ಲಿ ಕಾರ್ಬನ್ ಡೈಆಕ್ಸೈಡ್ ಅನಿಲದ ಲೇಸರನ್ನು ಕಂಡುಹಿಡಿದು, ಕಬ್ಬಿಣವನ್ನು ಕೊಯ್ಯುವಷ್ಟು ಬಲವನ್ನು ಬೆಳಕಿಗೆ ತಂದುಕೊಟ್ಟ ಸಿ. ಕುಮಾರ್ ಎನ್. ಪಟೇಲ್ ಅವರು ಹುಟ್ಟಿದ್ದು ಮಹಾರಾಷ್ಟ್ರದ ಬಾರಾಮತಿಯಲ್ಲಿ.

ಭಾರತವೂ ಈ ವಿದ್ಯೆಯಲ್ಲಿ ಹಿಂದೆ ಬೀಳಲಿಲ್ಲ. ಮುಂಬೈನ ಟ್ರಾಂಬೆಯ ಪರಮಾಣು ಸಂಶೋಧನಾ ಸಂಸ್ಥೆಯಲ್ಲಿ 1964ರಲ್ಲೇ ಗ್ಯಾಲಿಯಂ ಆರ್ಸೆನೈಡ್ ಎಂಬ ಅರೆವಾಹಕದಿಂದ ಲೇಸರ್ ತಯಾರಾಗಿ, ಮರುವರ್ಷ ಅದರ ಕಿರಣದ ಮೂಲಕ ಟ್ರಾಂಬೆಗೂ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಗೂ ನಡುವೆ ಸುಮಾರು 20 ಕಿಲೋಮೀಟರ್ ದೂರದ ಸಂಪರ್ಕ ಏರ್ಪಟ್ಟಿತ್ತು. ಸಾಗರ್ ಎಂಬ ಮಧ್ಯಪ್ರದೇಶದ ಪಟ್ಟಣದಲ್ಲಿ 1940ರಲ್ಲಿ ಜನಿಸಿ, ಅಲ್ಲಿನ ವಿಶ್ವವಿದ್ಯಾಲಯದಲ್ಲೇ ಕಲಿತು, ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿ ಡಾಕ್ಟರೇಟ್ ಪಡೆದ ಭವಾಲ್ಕರ್ 1967ರಲ್ಲಿ ಟ್ರಾಂಬೆಯನ್ನು ಸೇರಿದರು. 1986ರ ಜೂನ್‌ನಲ್ಲಿ ಟ್ರಾಂಬೆಯ ವಿಜ್ಞಾನಿಗಳ ಮೊದಲ ತಂಡ ಇಂದೋರ್‌ಗೆ ತೆರಳಿ ಕೆಲಸ ಆರಂಭಿಸಿತು. 1987ರಿಂದ 2003ರವರೆಗೆ ಕೇಂದ್ರದ ಚುಕ್ಕಾಣಿ ಭವಾಲ್ಕರ್ ಕೈಯಲ್ಲಿತ್ತು. ಅವರಿಗೆ 1984ರಲ್ಲಿ ಶಾಂತಿಸ್ವರೂಪ್ ಭಟ್ನಾಗರ್ ಪ್ರಶಸ್ತಿ, 2000ದಲ್ಲಿ ಪದ್ಮಶ್ರೀ ಸಂದವು. ಆದರೆ ಅವರ ಸಾಧನೆಯನ್ನು ಪ್ರಶಸ್ತಿಗಳಿಂದ ಅಳೆಯುವುದಕ್ಕಿಂತ, ಹೊರದೇಶದಿಂದ ತಂದ ಲೇಸರಿನ ಮುಂದೆ ಪ್ರಯೋಗ ಮಾಡಿ ತೃಪ್ತರಾಗದೆ, ಲೇಸರನ್ನೇ ಕಟ್ಟುವ, ಕೆಟ್ಟರೆ ಬಿಚ್ಚಿ ಸರಿಪಡಿಸುವ ತರುಣರ ಪಡೆಯೊಂದು ಅಲ್ಲಿ ಬೆಳೆದದ್ದರಿಂದ ಅಳೆಯುವುದೇ ನ್ಯಾಯ.

ಇದರ ಫಲವನ್ನು ಪರಮಾಣು ವಿದ್ಯುತ್ ಸ್ಥಾವರದ ಒಂದು ಕೆಲಸದಲ್ಲಿ ಸ್ಪಷ್ಟವಾಗಿ ಕಾಣಬಹುದು. ಕೈಗಾದಲ್ಲಿರುವಂಥ 220 ಮೆಗಾವ್ಯಾಟ್‌ನ ಭಾರಜಲ ರಿಯಾಕ್ಟರಿನಲ್ಲಿ ಇಂಧನವನ್ನು ಒಳಗಿಟ್ಟುಕೊಂಡ 306 ಅಡ್ಡ ಕೊಳವೆಗಳಿರುತ್ತವೆ. ಅವು ಬಿಸಿಗೆ ಹಿಗ್ಗಲು ಅನುವಾಗಲೆಂದು ತುದಿಯಲ್ಲಿ ಬೆಲ್ಲೋಸ್ ಎಂಬ, ಮಡಿಕೆಮಡಿಕೆಯಾದ ಲೋಹದ ಬಳೆಯನ್ನು ಬೆಸೆದಿರುತ್ತಾರೆ. ಹಲವು ವರ್ಷ ದುಡಿದ ಕೊಳವೆಗಳನ್ನು ಬದಲಿಸುವಾಗ ಈ ಬೆಸುಗೆಯ ಅಂಚನ್ನು ಒಂದೊಂದಾಗಿ ಕೊಯ್ಯಬೇಕು, ಮತ್ತು ಯಂತ್ರದ ಬ್ಲೇಡಿನಿಂದ ಕೊಯ್ಯುವಾಗ ಕೆಲಸಗಾರರು ವಿಕಿರಣವಿರುವ ಜಾಗದಲ್ಲಿ ಬಹಳ ಹೊತ್ತು ನಿಲ್ಲಬೇಕಾಗುತ್ತದೆ. ಲೇಸರ್ ಕಿರಣವನ್ನು ಗಾಜಿನ ಎಳೆಯ ಮೂಲಕ ದೂರದಿಂದ ಒಯ್ದು ಕೊಯ್ದರೆ ಈ ತೊಂದರೆ ತಗ್ಗುತ್ತದೆ. ಆದರೆ ಕಾರ್ಬನ್ ಡೈಆಕ್ಸೈಡ್ ಲೇಸರಿನ ಕಿರಣ ಅಂಥ ಎಳೆಯಲ್ಲಿ ಸಾಗದು. ನಿಯೊಡೈಮಿಯಂ ಬೆರೆಸಿದ ಯಾಗ್ ಎಂಬ ಹರಳಿನಿಂದ ಹೊಮ್ಮುವ, ಸುಮಾರು ಒಂದು ಮೈಕ್ರೊಮೀಟರ್ ಅಲೆಯುದ್ದದ ಕಿರಣ ಸಾಗುತ್ತದೆ. ಆದ್ದರಿಂದ ಇಂದೋರ್‌ನವರು ಯಾಗ್ ಲೇಸರನ್ನು ದೂರದ ಸುರಕ್ಷಿತ ಜಾಗದಲ್ಲಿಟ್ಟು, ತೆಳುವಾದ ಎಳೆಯ ಮೂಲಕ ಕಿರಣವನ್ನು ಮಾತ್ರ ಕೊಳವೆಯ ಬಾಯಿಗೆ ಒಯ್ದು ಅಂಚನ್ನು ಕೊಯ್ಯುವ ಉಪಕರಣವನ್ನು ರೂಪಿಸಿದರು. ಅದನ್ನು ಉತ್ತರ ಪ್ರದೇಶದ ನರೋರಾ ಸ್ಥಾವರದಲ್ಲಿ ಬಳಸಲಾಯಿತು. ಕೆಲಸಗಾರನ ಮೈಗೆ ತಗಲುವ ವಿಕಿರಣವನ್ನು ಕಡಿಮೆ ಮಾಡಿದ ಈ ಸಾಧನಕ್ಕೆ ಪತ್ರಿಕೆಗಳಲ್ಲಿ ಇನ್ನೂ ಹೆಚ್ಚಿನ ಜಾಗ ಸಿಗಬೇಕಿತ್ತು.

ಶಸ್ತ್ರಚಿಕಿತ್ಸೆಯ ಲೇಸರ್‌ಗಳೂ ಇದೇ ಅಂಗಳದಲ್ಲಿ ತಯಾರಾದವು. ವೇಗವರ್ಧಕಗಳ ವಿಭಾಗದಲ್ಲಿ 1999ರಲ್ಲಿ ಇಂಡಸ್-1, 2005ರಲ್ಲಿ ಸುಮಾರು 172 ಮೀಟರ್ ಸುತ್ತಳತೆಯ ಇಂಡಸ್-2 ಎಂಬ ಉಂಗುರಾಕಾರದ ವೇಗವರ್ಧಕ ಯಂತ್ರಗಳು ಕಾರ್ಯಾರಂಭಿಸಿದವು.

ಎಳೆಯರನ್ನು ವಿಜ್ಞಾನದತ್ತ ಸೆಳೆಯುವ ಕೆಲಸವೂ ಕೇಂದ್ರದ ದಿನಚರಿಗೆ ಸೇರಿದೆ. ಫೆಬ್ರವರಿ 28ರ ರಾಷ್ಟ್ರೀಯ ವಿಜ್ಞಾನ ದಿನದ ಆಸುಪಾಸಿನಲ್ಲಿ ಪ್ರಯೋಗಾಲಯಗಳ ಬಾಗಿಲನ್ನು ವಿದ್ಯಾರ್ಥಿಗಳಿಗೆ ತೆರೆದು, ಯಂತ್ರ ಕಟ್ಟಿದವರೇ ಅದರ ಪಕ್ಕದಲ್ಲಿ ನಿಂತು ವಿವರಿಸುತ್ತಾರೆ. ಇಂಜಿನಿಯರಿಂಗ್ ಮತ್ತು ಎಂ.ಎಸ್ಸಿ. ಕಲಿಯುವವರಿಗೆ ಅಲ್ಲಿ ಕೆಲವು ವಾರ ದುಡಿದು ಕಲಿಯುವ ಯುವ ವಿಜ್ಞಾನಿ ಕಾರ್ಯಕ್ರಮಗಳೂ ನಡೆದಿವೆ.

ಇಂದೋರ್ ದೂರವಿದ್ದರೂ, ಕಲಬುರಗಿ ಜಿಲ್ಲೆಯ ಸೇಡಂ, ವಾಡಿ, ಶಹಾಬಾದ್‌ಗಳ ಸುಣ್ಣಕಲ್ಲಿನ ಸೀಮೆಗೆ ಲೇಸರ್ ದೂರದ ಮಾತೇನಲ್ಲ. ಸಿಮೆಂಟಿನ ಕಣ ಸಣ್ಣದಾದಷ್ಟೂ ಲೇಸರ್ ಕಿರಣವನ್ನು ಅಗಲವಾದ ಕೋನಕ್ಕೆ ಚದುರಿಸುತ್ತದೆ ಎಂಬ ತತ್ವದ ಮೇಲೆ ಪುಡಿಯ ನುಣುಪನ್ನು ಅಳೆಯುವ ಉಪಕರಣಗಳು ಸಿಮೆಂಟ್ ಉದ್ಯಮದಲ್ಲಿ ಬಳಕೆಯಲ್ಲಿವೆ. ಇಂದೋರ್ ಕೇಂದ್ರದ ಅಡಿಗಲ್ಲು ಬಿದ್ದ 1984ರಲ್ಲೇ ಕಲಬುರಗಿಯಲ್ಲಿ ಜಿಲ್ಲಾ ವಿಜ್ಞಾನ ಕೇಂದ್ರ ಆರಂಭವಾಯಿತು. ಇದೇ ಸೀಮೆಯ ನಾಲವಾರದ ಶಾಲೆಯ ಮಕ್ಕಳು ರೈಲು ಹತ್ತಿ ವಾಡಿಯ ಮೂಲಕ ಅಲ್ಲಿಗೆ ಹೋಗಿ ಒಂದು ದಿನದಲ್ಲಿ ನೋಡಿ ಬರಬಹುದು, ಮತ್ತು ಶಿಕ್ಷಕರು ಅವರನ್ನು ಕರೆದೊಯ್ಯಲೇಬೇಕು. ಇಂದೋರ್‌ನ ಬಾಗಿಲು ಪದವೀಧರರಿಗೆ ಮಾತ್ರ ಮೀಸಲಲ್ಲ ಎಂಬುದು ಈ ಭಾಗದ ಪೋಷಕರಿಗೆ ತಿಳಿದಿರಬೇಕಾದ ವಿಷಯ: ಭೌತವಿಜ್ಞಾನದಲ್ಲಿ ಎಂ.ಎಸ್ಸಿ. ಅಥವಾ ಇಂಜಿನಿಯರಿಂಗ್ ಪದವಿ ಪಡೆದವರಿಗೆ ಅಖಿಲ ಭಾರತ ಪರೀಕ್ಷೆ ಮತ್ತು ಸಂದರ್ಶನದ ಮೂಲಕ ಒಂದು ವರ್ಷದ ಪರಮಾಣು ಶಕ್ತಿ ತರಬೇತಿ ಶಾಲೆ ಅಲ್ಲಿದ್ದರೆ, ಐಟಿಐಯಲ್ಲಿ ಫಿಟ್ಟರ್, ಟರ್ನರ್, ಎಲೆಕ್ಟ್ರಾನಿಕ್ಸ್ ಮೆಕ್ಯಾನಿಕ್ ಮುಂತಾದ ಕಸುಬು ಕಲಿತವರಿಗೆ ಅದೇ ಕಾರ್ಯಾಗಾರಗಳಲ್ಲಿ ಅಪ್ರೆಂಟಿಸ್ ತರಬೇತಿಯೂ ಇದೆ.