ಅಂಗಳದ ನಡುವೆ ಕುಳಿತವನ ಕಥೆ

ಮಸಾಕಿ ಕೊಬಯಾಶಿ ಅವರ ‘ಹರಾಕಿರಿ’ (1962) ಸಮುರಾಯ್ ಚಿತ್ರವೇನೋ ಹೌದು. ಆದರೆ 133 ನಿಮಿಷಗಳಲ್ಲಿ ಬಹುಪಾಲು ಒಬ್ಬ ಮನುಷ್ಯ ಅಂಗಳದ ನಡುವೆ ಕುಳಿತು ಮಾತಾಡುತ್ತಾನೆ, ಅಷ್ಟೆ. ನಾವು ಅಲುಗದೆ ನೋಡುತ್ತೇವೆ.

ಕಾಲ 1630. ಶೋಗುನ್ ಆಡಳಿತ ಹಲವು ಪ್ರಭುಮನೆತನಗಳನ್ನು ರದ್ದುಮಾಡಿದೆ. ಒಡೆಯರಿಲ್ಲದ ಸಮುರಾಯ್‌ಗಳು ಹೊಟ್ಟೆಪಾಡಿಗೆ ಅಲೆಯುತ್ತಿದ್ದಾರೆ. ಅಂಥವರಲ್ಲೊಬ್ಬ ಹನ್ಶಿರೊ. ಅವನು ಎಡೋ (ಇಂದಿನ ಟೋಕಿಯೊ) ನಗರದ ಇಯಿ ಮನೆತನದ ಬಾಗಿಲಿಗೆ ಬಂದು, ನಿಮ್ಮ ಅಂಗಳದಲ್ಲಿ ಹೊಟ್ಟೆ ಸೀಳಿಕೊಂಡು ಗೌರವದಿಂದ ಸಾಯಲು ಅಪ್ಪಣೆ ಕೊಡಿ ಎನ್ನುತ್ತಾನೆ. ಇದು ಸಾಯುವ ಮಾತಾಡಿ ಕಾಸು ಗಿಟ್ಟಿಸುವ ಹೂಟವೆಂದು ಶಂಕಿಸಿದ ಪಾರುಪತ್ಯಗಾರ ಸೈಟೊ, ಹಿಂದೆ ಹೀಗೇ ಬಂದಿದ್ದ ಮೊತೊಮೆಯ ಕಥೆ ಹೇಳಿ ಹೆದರಿಸುತ್ತಾನೆ. ಆ ತರುಣನ ಒರೆಯಲ್ಲಿದ್ದದ್ದು ಬಿದಿರಿನ ಅಲಗು. ಅದರಿಂದಲೇ ಸಾಯುವಂತೆ ಅವನನ್ನು ಬಲವಂತ ಮಾಡಲಾಗಿತ್ತು.

ಚಿತ್ರಕಥೆಗಾರ ಶಿನೊಬು ಹಶಿಮೊತೊ ಅವರ ಕೌಶಲ ಇಲ್ಲಿಂದ ಬಿಚ್ಚಿಕೊಳ್ಳುತ್ತದೆ. ಸೈಟೊನ ಬಾಯಲ್ಲಿ ಕೇಳುವಾಗ, ಸಾಯುವ ಮುನ್ನ ಗಡುವು ಬೇಡಿದ ಮೊತೊಮೆ ಹೇಡಿಯಂತೆ ಕಾಣುತ್ತಾನೆ. ಹನ್ಶಿರೊ ಬಾಯಿಬಿಟ್ಟಾಗ ಅದೇ ಬೇಡಿಕೆಯ ಹಿಂದೆ ಕಾಯಿಲೆಯ ಹೆಂಡತಿ, ಜ್ವರದ ಕೂಸು ಕಾಣಿಸುತ್ತಾರೆ. ಘಟನೆ ಬದಲಾಗಿಲ್ಲ, ನಮ್ಮ ತೀರ್ಪು ತಲೆಕೆಳಗಾಗುತ್ತದೆ. ಇಷ್ಟೆಲ್ಲ ಹೇಳಲು ಹನ್ಶಿರೊಗೆ ಸಮಯ ಒದಗಿಸಿಕೊಡುವುದೂ ಹೊಟ್ಟೆ ಸೀಳಿಕೊಳ್ಳುವ ಆ ವಿಧಿಯೇ. ಹೊಟ್ಟೆ ಸೀಳಿಕೊಂಡವನ ಕತ್ತು ಕಡಿದು ನೋವು ಮುಗಿಸಲು ಪಕ್ಕದಲ್ಲೊಬ್ಬ ನಿಲ್ಲಬೇಕು. ಆ ಕೆಲಸಕ್ಕೆ ಹನ್ಶಿರೊ ಹೆಸರು ಹಿಡಿದು ಕೇಳುವ ಮೂವರೂ ಅಂದು ‘ಕಾಯಿಲೆ’ ಬಿದ್ದಿದ್ದಾರೆ. ಆಳು ಹೋಗಿ ಬರುವತನಕ ಎಲ್ಲರೂ ಕಾಯಬೇಕು. ಅವನು ಮಾತು ಮುಂದುವರಿಸುತ್ತಾನೆ. ಇಯಿಯವರ ನಿಯಮನಿಷ್ಠೆಯೇ ಅವರನ್ನು ಕಟ್ಟಿಹಾಕುತ್ತದೆ. ಆ ಮೂವರು ಯಾಕೆ ಬರಲಿಲ್ಲ ಎಂಬುದನ್ನು ನಾನು ಹೇಳುವುದಿಲ್ಲ. ಅದನ್ನು ತೆರೆಯ ಮೇಲೇ ಕಾಣಬೇಕು.

ಛಾಯಾಗ್ರಾಹಕ ಯೊಶಿಯೊ ಮಿಯಾಜಿಮಾ ಕಪ್ಪುಬಿಳುಪಿನಲ್ಲಿ ಸೇವಕರ ಸಾಲುಗಳನ್ನು ಗೆರೆ ಎಳೆದಂತೆ ಕೂರಿಸುತ್ತಾರೆ. ತೊರು ತಕೆಮಿತ್ಸು ಅವರ ಸಂಗೀತದಲ್ಲಿ ಬೀವಾ ಎಂಬ ಜಪಾನಿ ವಾದ್ಯದ ತಂತಿ ಆಗಾಗ ಒಮ್ಮೆ ಮಿಡಿದು, ಬಹಳ ಹೊತ್ತು ಸುಮ್ಮನಿರುತ್ತದೆ. ಯೌವನ ದಾಟಿ ಬಹುಕಾಲವಾದ ಹನ್ಶಿರೊನನ್ನು ಆಳದ ದನಿಯಲ್ಲಿ ನಂಬಿಸಿದ ತತ್ಸುಯಾ ನಕದಾಯ್ ಅವರಿಗೆ ಆಗಿನ್ನೂ ಮೂವತ್ತು ತುಂಬಿರಲಿಲ್ಲ.

ಕೊಬಯಾಶಿ ಎರಡನೆಯ ಮಹಾಯುದ್ಧದಲ್ಲಿ ಒತ್ತಾಯದ ಸೈನಿಕರಾಗಿದ್ದವರು; ಪ್ರತಿಭಟನೆಯಾಗಿ ಬಡ್ತಿಯನ್ನೇ ನಿರಾಕರಿಸಿದವರು. ಮರ್ಯಾದೆಯ ಹೆಸರಲ್ಲಿ ನಡೆಯುವ ಕ್ರೌರ್ಯದ ಮೇಲೆ ಅವರಿಗಿದ್ದ ಸಿಟ್ಟು ಇಡೀ ಚಿತ್ರದಲ್ಲಿ ಕುದಿಯುತ್ತದೆ. 1963ರ ಕಾನ್ ಉತ್ಸವದಲ್ಲಿ ಇದಕ್ಕೆ ತೀರ್ಪುಗಾರರ ವಿಶೇಷ ಪ್ರಶಸ್ತಿ ಬಂತು.

ಬಿದಿರಿನ ಅಲಗಿನ ದೃಶ್ಯ ನೋಡುವುದು ಕಷ್ಟ. ಆದರೂ ಅದನ್ನು ಹಾರಿಸಬೇಡಿ. ಹನ್ಶಿರೊ ಹೇಳುವ ಪ್ರತಿ ಮಾತಿನ ತೂಕವೂ ಅಲ್ಲಿಂದಲೇ ಬರುತ್ತದೆ.